ಬಾಗಿಲು ತಟ್ಟಿ ದಣಿದ ಇನ್ಸುಲಿನ್

ತಿರುಮಲಯ್ಯನವರು ಮನೆಮನೆಯ ಭಜನೆಗೆ ಹೋಗಿ, ಕೊಟ್ಟ ಪ್ರಸಾದವನ್ನು ಬೇಡವೆನ್ನದೆ ತಿನ್ನುವವರು. ಅವರ ಮೈಯೊಳಗೆ ಇನ್ಸುಲಿನ್ ಸಕ್ಕರೆ ಹೊತ್ತು ಬಂದು ಸ್ನಾಯುವಿನ ಬಾಗಿಲು ತಟ್ಟಿತು.

“ತೆಗೆಯಕ್ಕಾ, ಹೆಗಲು ಬಿದ್ದುಹೋಯಿತು.”

“ಇನ್ನೆಷ್ಟು ತರುತ್ತೀಯೋ ಮಾರಾಯ? ಒಳಗೆ ಕಾಲಿಡಲು ಜಾಗವಿಲ್ಲ,” ಎಂದಿತು ಸ್ನಾಯು.

ಇನ್ಸುಲಿನ್ ಸೋತು, ನೆತ್ತರಿನಲ್ಲಿದ್ದ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬಳಿ ಹೇಳಿಕೊಂಡಿತು: “ಯಜಮಾನರ ಕಾಲಿನ ಹುಣ್ಣು ಮಾಯುತ್ತಿಲ್ಲ. ಪ್ರತಿ ಸಲವೂ ಏಕಾದಶಿಯ ಉಪವಾಸ ಮಾಡಿ, ಮರುದಿನವೇ ಪರೀಕ್ಷೆಗೆ ರಕ್ತ ಕೊಟ್ಟು, ಸಕ್ಕರೆ ಸರಿಯಿದೆ ಅಂದುಕೊಳ್ಳುತ್ತಾರೆ. ನಾಳೆಯೂ ಅಷ್ಟೇ. ನಮ್ಮ ಪಾಡು ಹೇಳುವವರು ಯಾರು?”

“ನಾನಿದ್ದೇನೆ. ಮೂರು ತಿಂಗಳ ಸಿಹಿ ನನ್ನ ಮೈಗೆ ಅಂಟಿದೆ. ಒಂದು ದಿನದ ಉಪವಾಸಕ್ಕೆ ಅದು ಬಿಡುವುದಿಲ್ಲ.”

ಈ ಸಲ ಡಾಕ್ಟರು ಆ ಪ್ರೋಟೀನನ್ನೇ ಪರೀಕ್ಷೆ ಮಾಡಿಸಿದರು.

“ನಿನ್ನೆ ತುಳಸೀನೀರು ಬಿಟ್ಟು ಏನೂ ಮುಟ್ಟಿಲ್ಲ, ಸ್ವಾಮಿ.”

“ನಿನ್ನೆಯ ಮಾತಲ್ಲ ಅಯ್ಯನವರೇ, ಅದರ ಹಿಂದಿನ ತಿಂಗಳುಗಳೆಲ್ಲ ಇಲ್ಲಿ ಕಾಣುತ್ತಿವೆ.”

ಮುಂದಿನ ಭಜನೆಯಲ್ಲಿ ಅವರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಒಂದೇ ಅಗುಳು ಬಾಯಿಗಿಟ್ಟು, ಉಳಿದದ್ದನ್ನು ಪಕ್ಕದವರಿಗೆ ಕೊಟ್ಟರು. ಹೀಗೇ ಕೆಲವು ತಿಂಗಳು ಕಳೆದ ಮೇಲೆ ಸ್ನಾಯು ಬಾಗಿಲನ್ನು ಬೆರಳಷ್ಟು ತೆರೆಯಿತು. ಇನ್ಸುಲಿನ್ ತಕ್ಷಣ ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡಿತು.