ತಳ್ಳಿಸಿಕೊಳ್ಳುವ ಕಾರು

ಹೆರಿಗೆ ಡಾಕ್ಟರು ಕಾತ್ಯಾಯಿನಿಯವರ ಮನೆ ಮುಂದೆ ಎರಡು ಕಾರುಗಳಿದ್ದವು. ದೊಡ್ಡ ಆಟೊಮ್ಯಾಟಿಕ್ ಕಾರು ದಿನದ ಓಡಾಟದ ಪುಟ್ಟ ಕಾರಿಗೆ ಹೇಳಿತು: "ನಿನ್ನೆಯೂ ಬೀದಿಯವರ ಕೈಲಿ ತಳ್ಳಿಸಿಕೊಂಡೆಯಂತೆ. ನಾಚಿಕೆಯಾಗೋದಿಲ್ಲವೇನೇ?"

"ತಳ್ಳಿದರೆ ಹೊರಡುತ್ತೇನಲ್ಲ ಅಕ್ಕ, ನನಗಷ್ಟು ಸಾಕು."

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು, ಮಗು ಅಡ್ಡ ತಿರುಗಿದೆಯೆಂದು. ಡಾಕ್ಟರು ದೊಡ್ಡ ಕಾರಿನ ಗುಂಡಿ ಒತ್ತಿದರು. ಬ್ಯಾಟರಿ ಸತ್ತಿತ್ತು, ತಳ್ಳಿದರೆ ಸ್ಟಾರ್ಟ್ ಆಗುವ ಜಾತಿ ಅದಲ್ಲ. ಪುಟ್ಟ ಕಾರೂ ಕೆಮ್ಮಿ ಸುಮ್ಮನಾಯಿತು. ಆದರೆ ಹೂವಿನ ಸಾಕಮ್ಮ, ಇಸ್ತ್ರಿ ಮುನಿಯಪ್ಪ ಓಡಿಬಂದು ತಳ್ಳಿದರು. ಎರಡನೇ ಗೇರಿನಲ್ಲಿ ಹೊರಟೇಬಿಟ್ಟಿತು.

ಸಂಜೆ ಅದು ಮರಳಿದಾಗ ದೊಡ್ಡ ಕಾರು ಮೆಲ್ಲಗೆ ಕೇಳಿತು: "ಮಗು?"

"ತಾಯಿ, ಮಗು ಇಬ್ಬರೂ ಕ್ಷೇಮ. ಬರುವಾಗ ಸಾಕಮ್ಮನಿಗೆ ಥ್ಯಾಂಕ್ಸ್ ಅಂತ ಜೋರಾಗಿ ಹಾರ್ನ್ ಹೊಡೆದೆ."

"ಏನಂದಳು?"

"ನಿಮ್ಮಪ್ಪನ ರೋಡಾ ಅಂತ ಬೈದಳು. ನಾಳೆಯೂ ತಳ್ಳೋಕೆ ಬರ್ತಾಳೆ, ಪುಣ್ಯಾತ್ಗಿತ್ತಿ."