ಉಪ್ಪಿನ ಆಗರದ ಸೋಮಿ ಕೂಲಿ ಕೇಳಿದ್ದು

ಬಹಳ ಬಹಳ ಹಿಂದೆ, ಸಮುದ್ರ ಮಾತ್ರ ಈಗಿನಷ್ಟೇ ಉಪ್ಪಾಗಿದ್ದ ಕಾಲದಲ್ಲಿ, ಕಡಲ ದಂಡೇಲಿ ಒಂದು ಊರಿತ್ತಂತೆ. ಆ ಊರಿಗೆಲ್ಲ ಒಂದೇ ಕಸುಬು, ಉಪ್ಪು ತೆಗೆಯೋದು. ಗದ್ದೆ ಹಾಗೆ ಬದು ಕಟ್ಟಿ, ಸಮುದ್ರದ ನೀರು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಉಳಿದ ಉಪ್ಪನ್ನ ಬಾಚಿ ಬುಟ್ಟೀಲಿ ಹೊರೋದು. ಅದಕ್ಕೆ ಆಗರ ಅಂತಾರೆ ಪುಟ್ಟೀ. ಆಗರ ಪೂರ್ತಿ ಪರಮಯ್ಯ ಅನ್ನೋ ಸಾಹುಕಾರನದು. ದುಡಿಯೋರು ನಲವತ್ತು ಮನೆಯವರು. ಅವರಲ್ಲಿ ಸೋಮಿ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಿದ್ದ, ಮನೇಲಿ ಮುದುಕಿ ಅತ್ತೆ ಒಬ್ಬಳೇ. ದಿನದ ಕೂಲಿ ಒಂದು ಸೇರು ಅಕ್ಕಿ, ಹೇಗೋ ನಡೀತಿತ್ತಂತೆ.

ಒಂದು ವರ್ಷ ಸಾಹುಕಾರ ಆ ಸೇರನ್ನ ಮುಕ್ಕಾಲು ಮಾಡಿದ, ಆಮೇಲೆ ಅರ್ಧ ಮಾಡಿದ. ಆವತ್ತಿಂದ ಸೋಮಿ ಗಂಜಿ ಮುಂದಿಟ್ಟರೆ ಅತ್ತೆ, ನನಗೆ ಹಸಿವಿಲ್ಲ ಕಣೇ, ವಯಸ್ಸಾಯ್ತು ನೋಡು, ಅಂತ ತಟ್ಟೆ ಸರಿಸೋಕೆ ಶುರು ಮಾಡಿದಳಂತೆ. ಸುಳ್ಳು ಅಂತ ಸೋಮಿಗೆ ಗೊತ್ತು, ಸೊಸೆಗೆ ಗೊತ್ತಾಗಿದೆ ಅಂತ ಅತ್ತೆಗೂ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಜಗಳ ಆಡೋಕೂ ಮೈಯಲ್ಲಿ ತ್ರಾಣ ಬೇಕಲ್ಲ.

ಆಮೇಲೆ ಸೋಮಿ ಸಾಹುಕಾರನ ಹತ್ತಿರ ಹೋಗಿ, ಅಯ್ಯಾ, ಅರ್ಧ ಸೇರಲ್ಲಿ ಬದುಕೋಕಾಗಲ್ಲ ಅಂದಳಂತೆ. ಅವನು ಕೂಗಾಡಲಿಲ್ಲ, ಕೂತ್ಕೋ ಅಂದ. ನೋಡು ಸೋಮಿ, ಘಟ್ಟದ ಮೇಲಿನ ಸಂತೇಲಿ ಉಪ್ಪಿನ ಬೆಲೆ ಬಿದ್ದಿದೆ, ಕೂಲಿ ಇಳಿಸೋದು ನಾನಲ್ಲ, ಸಂತೆ. ನಾನು ಯಾರನ್ನೂ ಕೈ ಹಿಡಿದು ಎಳ್ಕೊಂಡು ಬಂದಿಲ್ಲ. ಬೇಡ ಅಂದ್ರೆ ಬೇರೆ ಕಡೆ ಹೋಗಬಹುದು, ತಡೆಯೋರು ಯಾರು, ಅಂದನಂತೆ.

ಸರಿ, ಎರಡನೇ ಸಲ ಸೋಮಿ ಆಚೆ ಬಂದರಿನ ಆಗರಕ್ಕೆ ನಡೆದಳಂತೆ, ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಅಲ್ಲಿ ಬೇರೆ ಸಾಹುಕಾರ, ಕೂಲಿ ಮಾತ್ರ ಅದೇ ಅರ್ಧ ಸೇರು. ಅವನ ಬಾಗಿಲಲ್ಲಿ ಆಗಲೇ ಹತ್ತು ಜನ ಕಾಯ್ತಾ ಕೂತಿದ್ದರು, ಇವಳಿಗಿಂತ ಸೊರಗಿದೋರು. ಅವರ ಮುಖ ನೋಡಿ ಏನೂ ಕೇಳದೆ ವಾಪಸ್ ಬಂದಳಂತೆ.

ಹೂಂ ಅನ್ನು ಪುಟ್ಟೀ. ನಿದ್ದೆ ಬಂತಾ? ಇನ್ನೂ ಸ್ವಲ್ಪ ಇದೆ.

ಮೂರನೇ ಸಲ ರಾಜನ ಹತ್ತಿರ ಹೋದಳಂತೆ. ರಾಜನೂ ಮುದುಕ, ನ್ಯಾಯ ಕೇಳಿ ಕೇಳಿ ಸೋತಿದ್ದ. ಸಾಹುಕಾರನನ್ನೂ ಕರೆಸಿದ. ಸಾಹುಕಾರ ಹೇಳಿದ, ಸ್ವಾಮೀ, ನಿಮ್ಮ ತಾತನ ಕಾಲದಲ್ಲಿ ಇವರ ಹಿರಿಯರು ಅರಮನೆಗೆ ಬಿಟ್ಟಿ ದುಡೀತಿದ್ದರು, ಬರಲ್ಲ ಅಂದ್ರೆ ಚಾಟಿ ಏಟು. ನಾನು ಒಬ್ಬರಿಗೂ ಹೊಡೆದಿಲ್ಲ. ಕೊಡೋನಿಗೆ ಇಷ್ಟ, ತಗೊಳ್ಳೋನಿಗೆ ಇಷ್ಟ, ಇದಕ್ಕಿಂತ ನ್ಯಾಯ ಯಾವುದಿದೆ?

ರಾಜ ಸೋಮಿ ಕಡೆ ತಿರುಗಿದ. ಅವರು ಹೇಳಿದ್ದು ನಿಜ, ಬಿಟ್ಟಿಗಿಂತ ಇದು ಮೇಲೇ, ಅಂದಳಂತೆ ಸೋಮಿ. ಆದರೆ ಸ್ವಾಮೀ, ಮಾತು ಕುದುರದಿದ್ದರೆ ಅವರು ಮನೆಗೆ ಹೋಗಿ ಊಟ ಮಾಡಿ ನಾಳೆ ನೋಡೋಣ ಅಂತಾರೆ. ನಮಗೆ ನಾಳೆ ಅನ್ನೋದೇ ಇಲ್ಲ. ನಾನು ಒಪ್ಕೊಂಡಿದ್ದು ಇಷ್ಟ ಇದ್ದಲ್ಲ, ಹೊಟ್ಟೆ ಕಾಯಲ್ಲ ಅಂತ.

ಆಗ ರಾಜ ಹೇಳಿದನಂತೆ, ಕೂಲಿ ಇಷ್ಟೇ ಅಂತ ನಾನು ಹೇಳಲ್ಲ, ನೀವೇ ಮಾತಾಡ್ಕೊಳ್ಳಿ. ಆದರೆ ನಲವತ್ತು ಮನೆಗೂ ಹದಿನೈದು ದಿನದ ಅಕ್ಕಿ ಕಣಜದಿಂದ ಕೊಡ್ತೀನಿ, ಮುಂದಿನ ಬೇಸಿಗೇಲಿ ವಾಪಸ್ ಅಳೀಬೇಕು.

ಆ ಅಕ್ಕಿ ಕೈಗೆ ಬಂದ ಮೇಲೆ, ಕೂಲಿ ಮಾತು ಕುದುರೋವರೆಗೂ ಅಂತ ಯಾರೂ ಆಗರಕ್ಕೆ ಇಳೀಲಿಲ್ಲ. ಅತ್ತೆ ಎರಡು ಸಲ ಗಂಜಿ ಹಾಕಿಸ್ಕೊಂಡು ಉಂಡಳು. ಸೋಮಿ ಚಾಪೆ ಹಾಸಿ ಮಲಗಿದೋಳು ಹಗಲು ರಾತ್ರಿ ಗೊತ್ತಿಲ್ಲದಂತೆ ನಿದ್ದೆ ಮಾಡಿದಳಂತೆ, ಎಷ್ಟು ವರ್ಷದ ನಿದ್ದೆಯೋ ಪಾಪ.

ಅಷ್ಟರಲ್ಲಿ ವೈಶಾಖದ ಕೊನೆ ಬಂತು, ಸಮುದ್ರದ ಮೇಲೆ ಕಪ್ಪು ಮೋಡ ಎದ್ದಿತು. ಆಗರದಲ್ಲಿ ರಾಶಿ ರಾಶಿ ಉಪ್ಪು ಬಿದ್ದಿದೆ, ಒಂದು ಮಳೆ ಬಂದ್ರೆ ಎಲ್ಲ ನೀರು. ಸಾಹುಕಾರ ಮೊದಲನೇ ದಿನ ಬಂದು ಮುಕ್ಕಾಲು ಸೇರು ಅಂದ. ಎರಡನೇ ದಿನ ಒಂದು ಸೇರು ಅಂದ, ಅದಕ್ಕೂ ಯಾರೂ ಏಳಲಿಲ್ಲ. ಮೂರನೇ ದಿನ ಅವನೂ ನಿದ್ದೆಗೆಟ್ಟು ಕಣ್ಣು ಕೆಂಪಾಗಿ, ಸೋಮಿ ಮನೆ ಜಗಲೀಲಿ ಕುಸಿದು ಕೂತನಂತೆ.

ಇದು ನ್ಯಾಯ ಅಲ್ಲ ಸೋಮಿ, ಮಳೆ ನೋಡ್ಕೊಂಡು ನನ್ನ ಕತ್ತು ಹಿಡಿದಿದೀರಿ, ಅಂದ.

ನಮ್ಮ ಹೊಟ್ಟೆ ನೋಡ್ಕೊಂಡು ನೀವು ನಮ್ಮ ಕತ್ತು ಹಿಡಿದಿದ್ರಿ ಅಯ್ಯಾ, ಅಂದಳಂತೆ ಸೋಮಿ. ಆಗ ಅದಕ್ಕೆ ಸಂತೆ ಅಂದ್ರಿ.

ಸುತ್ತ ನಿಂತೋರು, ಮೂರು ಸೇರು ಕೇಳು, ಇವತ್ತು ಕೊಟ್ಟೇ ಕೊಡ್ತಾನೆ, ಅಂತ ಪಿಸುಗುಟ್ಟಿದರು. ಸೋಮಿ ಸಾಹುಕಾರನ ಮುಖ ನೋಡಿದಳು. ಆಚೆ ಬಂದರಿನ ಬಾಗಿಲಲ್ಲಿ ಕೂತಿದ್ದೋರ ಮುಖದ ಹಾಗೇ ಕಂಡಿತಂತೆ. ಅವಳಿಗೆ ಯಾಕೋ ಸಾಕಾಗಿ ಹೋಯ್ತು. ಮೂರು ಸೇರು ಕಿತ್ಕೊಂಡ್ರೆ ಮುಂದಿನ ವರ್ಷ ಇವರು ಆಗರ ಮುಚ್ತಾರೆ, ನಾವೂ ಇವರ ಹಾಗೇ ಕತ್ತು ಹಿಡಿಯೋರಾಗ್ತೀವಿ, ಅಂತ ಅವರಿಗೆ ಹೇಳಿ, ಸಾಹುಕಾರನ ಕಡೆ ತಿರುಗಿ, ಒಂದೂಕಾಲು ಸೇರು ಕೊಡಿ ಅಯ್ಯಾ, ಸಂತೇಲಿ ಬೆಲೆ ಬಿದ್ದರೂ ಒಂದು ಸೇರಿಗಿಂತ ಇಳಿಸಬೇಡಿ, ಅಷ್ಟು ಸಾಕು, ಅಂದಳಂತೆ. ಅವನು ಹೂಂ ಅಂದ. ನಲವತ್ತು ಮನೆಯೋರೂ ಇಳಿದು, ಮಳೆ ಹನಿಯೋ ಹೊತ್ತಿಗೆ ಕೊನೆ ಬುಟ್ಟಿ ಮೇಲೆ ತಂದು ಹಾಕಿದರಂತೆ.

ಆಮೇಲೆ ರಾಜನ ಅಕ್ಕಿ ವಾಪಸ್ ಅಳೆದರು. ದಿನಾ ಮನೆಗೊಂದು ಹಿಡಿ ಅಕ್ಕಿ ಹಾಕಿ ತಮ್ಮದೇ ಒಂದು ಕಣಜ ಕಟ್ಟಿಕೊಂಡರು. ಸಾಹುಕಾರ ಮಾತ್ರ ಸೋಮಿ ಜಗಲಿಗೆ ಬಂದಾಗಲೆಲ್ಲ, ಕೂಲಿ ಇಳಿಸೋದು ಸಂತೆ, ತಾನು ಹೇಳಿದ್ದೇ ಸರಿ ಅಂತ ಸಾಯೋವರೆಗೂ ಹೇಳ್ತಿದ್ದನಂತೆ. ಸೋಮಿ ವಾದ ಮಾಡೋಕೆ ಹೋಗ್ತಿರಲಿಲ್ಲ. ಇರಲಿ ಅಯ್ಯಾ, ಅಂತ ಎಲೆ ಅಡಿಕೆ ತಟ್ಟೆ ಅವನ ಕಡೆ ತಳ್ಳಿ, ಬಾಗಿಲಿಗೆ ಒರಗಿ ಕೂತು ಮಳೆ ನೋಡ್ತಿದ್ದಳಂತೆ.

ಅವರೆಲ್ಲ ಉಂಡು ಮಲಗಿದರು, ಇಲ್ಲಿಗೆ ಕತೆಯೂ ಮಲಗಿತು. ನೀನೂ ಮಲಗು ಪುಟ್ಟೀ.