ಕೀಲಿಕೈ ಡಬ್ಬಿಯ ಕ್ಷೇಮ ಸಮಾಚಾರ

ಬಯಲುಸೀಮೆಯ ಒಂದು ಊರಿನಲ್ಲಿ ಅನಾಥ ಮಕ್ಕಳ ಆಶ್ರಮವೊಂದಿತ್ತು. ಅದನ್ನು ನಡೆಸುತ್ತಿದ್ದವಳು ನೀಲಕ್ಕ. ಅಲ್ಲೊಂದು ಪದ್ಧತಿ. ಕೂಸನ್ನು ಒಪ್ಪಿಸಿ ಹೋಗುವ ತಾಯಿ ಬಯಸಿದರೆ ಒಂದು ಪತ್ರ ಬರೆದಿಡಬಹುದು. ಮಗುವಿಗೆ ಹದಿನೆಂಟು ತುಂಬಿದ ದಿನ ಅದು ಮಗುವಿನ ಕೈ ಸೇರುತ್ತದೆ. ಅಲ್ಲಿಯ ತನಕ ಯಾರೂ ಓದುವಂತಿಲ್ಲ, ನೀಲಕ್ಕನೂ ಓದುವಂತಿಲ್ಲ.

ಮೊದಲು ಈ ಪತ್ರಗಳು ಕಪಾಟಿನಲ್ಲಿದ್ದವು. ಒಮ್ಮೆ ಯಾರೋ ಕಪಾಟಿನ ಬೀಗ ಮುರಿದು ಒಂದು ಪತ್ರ ಓದಿದರು. ಸುದ್ದಿ ಊರೂರು ಸುತ್ತಿತು. ಎಲ್ಲೋ ಗಂಡನ ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳ ಬಾಳು ಬೀದಿಗೆ ಬಿತ್ತು. ನೀಲಕ್ಕ ಎರಡು ದಿನ ಅನ್ನ ಮುಟ್ಟಲಿಲ್ಲ.

ಆಗ ನೆರವಿಗೆ ಬಂದವರು ಗುರುಪಾದಪ್ಪನವರು. ಟೆಲಿಫೋನ್ ಎಂಜಿನಿಯರ್ ಆಗಿ ನಿವೃತ್ತರಾದವರು, ಬಲು ನಿಯತ್ತಿನ ಮನುಷ್ಯ, ಅಷ್ಟೇ ಬೇಗ ನೊಂದುಕೊಳ್ಳುವ ಮನುಷ್ಯ. ಅವರು ಎಲ್ಲ ಪತ್ರಗಳನ್ನೂ ಸ್ಕ್ಯಾನ್ ಮಾಡಿ, ಬೀಗ ಹಾಕಿ, ದೂರದ ಒಂದು ಕಂಪನಿಯ ಕ್ಲೌಡ್‌ನಲ್ಲಿಟ್ಟರು. ಕಾಗದಗಳನ್ನು ನೀಲಕ್ಕನ ಎದುರೇ ಸುಟ್ಟರು. ಆ ಬೀಗದ ಕೀಲಿಕೈ ಕಂಪನಿಯ ಬಳಿ ಇರಲಿಲ್ಲ. ಅದು ಗುರುಪಾದಪ್ಪನವರ ಮನೆಯಲ್ಲಿ, ಊಟದ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರದೊಳಗಿತ್ತು. ಆ ಡಬ್ಬಿ ಇಂಟರ್ನೆಟ್ಟಿಗೆ ಜೋಡಿಸಿದ್ದರೆ ಮಾತ್ರ ಆಶ್ರಮದ ಕಂಪ್ಯೂಟರಿನಲ್ಲಿ ಪತ್ರ ತೆರೆಯುತ್ತಿತ್ತು.

"ಪೆಟ್ಟಿಗಿ ಒಬ್ಬರ ಮನ್ಯಾಗ, ಕೀಲಿಕೈ ಇನ್ನೊಬ್ಬರ ಮನ್ಯಾಗ ಇರಬೇಕು ನೀಲವ್ವಾ. ಅಂದ್ರ ಕಳ್ಳಗ ಎರಡೂ ಸಿಗೂದಿಲ್ಲ," ಅಂದರು.

"ಇನ್ನೊಂದು ಕೀಲಿಕೈ ಮಾಡಿಸಿ ಇಡೂದ ಬ್ಯಾಡೇನ್ರಿ ಕಾಕಾ?"

"ಎರಡು ಕೀಲಿಕೈ ಇದ್ದ ಬೀಗ ಬೀಗಾನ ಅಲ್ಲವ್ವಾ!"

ಒಂದು ಮಾತನ್ನು ಮಾತ್ರ ಒತ್ತಿ ಹೇಳಿದರು. ಆಶ್ರಮದ ಕಂಪ್ಯೂಟರಿನಲ್ಲಿ ಒಂದು ಪುಟವಿದೆ. ಅಲ್ಲಿ ಒಂದು ಗುಂಡಿ ಒತ್ತಿದರೆ ಕೀಲಿಕೈ ಡಬ್ಬಿಯ ಸಮಾಚಾರ ತಿಳಿಯುತ್ತದೆ. ಡಬ್ಬಿ ಎಲ್ಲಿದೆ, ಯಾರ ವಶದಲ್ಲಿದೆ, ಸಂಪರ್ಕ ಇದೆಯೋ ತಪ್ಪಿದೆಯೋ, ತಪ್ಪಿದ್ದರೆ ಎಂದಿನಿಂದ. ಕೀಲಿಕೈಯನ್ನು ಅದು ಯಾರಿಗೂ ಕೊಡುವುದಿಲ್ಲ, ಬರೀ ಸಮಾಚಾರ ಹೇಳುತ್ತದೆ. ಯಾರು, ಯಾವತ್ತು ವಿಚಾರಿಸಿದರು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. "ತಿಂಗಳಿಗೊಮ್ಮೆ ನೋಡು," ಅಂದರು.

ನೀಲಕ್ಕ ಒಂದು ಸಲವೂ ನೋಡಲಿಲ್ಲ. ಸೋಮಾರಿತನ ಅನ್ನಬೇಡಿ, ಮೂವತ್ತು ಮಕ್ಕಳ ಹೇನು ಹೆಕ್ಕುವ ಹೆಂಗಸು ಅವಳು. ಅವಳನ್ನು ತಡೆದದ್ದು ಸಂಕೋಚ. ಗುರುಪಾದಪ್ಪನವರು ವಾರಕ್ಕೊಮ್ಮೆ ಬರುತ್ತಿದ್ದರು. ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದಳು, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುತ್ತಿದ್ದಳು. ಡಬ್ಬಿಯ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಆಶ್ರಮದಲ್ಲಿ ಅನುರಾಧಾ ಎಂಬ ಹುಡುಗಿಯಿದ್ದಳು. ಅನುರಾಧಾ ನಕ್ಷತ್ರದ ದಿನ ಬಂದ ಕೂಸು, ಅದಕ್ಕೇ ಆ ಹೆಸರು. ಅವಳ ತಾಯಿಯೂ ಪತ್ರ ಬರೆದಿಟ್ಟಿದ್ದಳು. ಹದಿನಾರನೆಯ ವಯಸ್ಸಿನಲ್ಲಿ ಅವಳು ಕೇಳಿದಳು, "ಅಕ್ಕಾ, ನಮ್ಮವ್ವನ ಪತ್ರದ ಕೀಲಿಕೈ ಅರಾಮ ಐತೇನ? ಒಮ್ಮೆ ಆ ಗುಂಡಿ ಒತ್ತಿ ನೋಡೂಣಲಾ."

"ಹುಚ್ಚಿ, ನಾ ಕೇಳಿದ್ದು ಅಲ್ಲಿ ಬರದ ಇರತೈತಿ. ಕಾಕಾ ನೋಡಿದ್ರ, ನನ್ನ ಮ್ಯಾಲ ನಂಬಿಕಿ ಇಲ್ಲೇನಂತ ನೊಂದುಕೋತಾರ. ಹಿರೇ ಮನುಷ್ಯಾರು."



ಹದಿನೆಂಟು ತುಂಬಿದ ದಿನ ಬಂತು. ಪತ್ರಗಳನ್ನು ಸುಟ್ಟ ಮೇಲೆ ಮೊದಲ ಸರದಿ ಅವಳದೇ. ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದುಕೊಂಡು, ಹೊಸ ಲಂಗ ದಾವಣಿ ಉಟ್ಟು, ಕಂಪ್ಯೂಟರಿನ ಮುಂದೆ ಕೂತಳು. ನೀಲಕ್ಕ ಪತ್ರ ತೆರೆಯಲು ನೋಡಿದಳು. ತೆರೆಯಲಿಲ್ಲ. ಮತ್ತೊಮ್ಮೆ ನೋಡಿದಳು. ತೆರೆಯಲಿಲ್ಲ. ಆಗ ಮೊದಲ ಬಾರಿಗೆ ಆ ಗುಂಡಿ ಒತ್ತಿದಳು.

ಕೊನೆಗೆ ಇದ್ದ ಜಾಗ: ಗುರುಪಾದಪ್ಪನವರ ಮನೆ. ಸಂಪರ್ಕ: ಇಲ್ಲ. ತಪ್ಪಿ: ನಾಲ್ಕು ವರ್ಷ. ಹಿಂದೆ ವಿಚಾರಿಸಿದವರು: ಯಾರೂ ಇಲ್ಲ.

ಇಬ್ಬರೂ ಗುರುಪಾದಪ್ಪನವರ ಮನೆಗೆ ಓಡಿದರು. ಮುದುಕರು ಹಣೆ ಹಣೆ ಬಡಿದುಕೊಂಡರು. ನಾಲ್ಕು ವರ್ಷದ ಹಿಂದೆ ಮನೆಗೆ ಸುಣ್ಣ ಹಚ್ಚುವಾಗ ಆಳುಗಳು ವೈರು ಕಿತ್ತು ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದರು. ಆಮೇಲೆ ಜೋಡಿಸೋಣ ಎಂದುಕೊಂಡವರು ಮರೆತರು. ಮೂರು ವರ್ಷ ಡಬ್ಬಿ ಅಟ್ಟದ ಮೇಲೆ ಗಟ್ಟಿಯಾಗಿಯೇ ಇತ್ತು. ಹೋದ ವರ್ಷ ಅಟ್ಟ ಸ್ವಚ್ಛ ಮಾಡಿದಾಗ ಹಳೇ ಸಾಮಾನಿನ ಜೊತೆ ಗುಜರಿಗೆ ಹೋಯಿತು.

"ನೀ ಒಮ್ಮೆರೆ ಕೇಳಬೇಕಿತ್ತು ನೀಲವ್ವಾ. ಕೇಳಿದ್ರ ನೆನಪಾಗತಿತ್ತು. ಕೇಳಲಿಲ್ಲ, ಅಂದ್ರ ಎಲ್ಲಾ ಸರಿ ಐತಿ ಅಂತ ನಾ ತಿಳಕೊಂಡೆ."

"ನೀವು ಹೇಳಲಿಲ್ಲ, ಅಂದ್ರ ಎಲ್ಲಾ ಸರಿ ಐತಿ ಅಂತ ನಾ ತಿಳಕೊಂಡೆ ಕಾಕಾ."

ಅನುರಾಧಾ ಮುದುಕರ ಕಾಲ ಬಳಿ ಕೂತಳು. "ಅಜ್ಜಾ, ಸ್ಕ್ಯಾನ್ ಮಾಡೂವಾಗ ಒಂದು ಸಾಲರೆ ನಿಮ್ಮ ಕಣ್ಣಿಗೆ ಬಿದ್ದಿರಬೇಕಲಾ? ಒಂದ ಸಾಲು?"

"ಇಲ್ಲವ್ವಾ ತಾಯಿ. ಕಾಗದದ ಬೆನ್ನು ನೋಡಿಕೋತ ಇಟ್ಟೆ. ಒಂದಕ್ಷರ ಓದಲಿಲ್ಲ." ಜೀವನವಿಡೀ ಹೆಮ್ಮೆಯಿಂದ ಹೇಳಬಹುದಾಗಿದ್ದ ಮಾತು ಅದು. ಅಂದು ಅವರು ಅಳುತ್ತ ಹೇಳಿದರು.

ಆಶ್ರಮಕ್ಕೆ ಮರಳಿದ ಮೇಲೆ ಹುಡುಗಿ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಪತ್ರ ಕ್ಲೌಡ್‌ನಲ್ಲಿ ಭದ್ರವಾಗಿಯೇ ಇತ್ತು. ಅದರ ಹೆಸರು, ತಾರೀಖು, ಪುಟಗಳ ಲೆಕ್ಕ ಕಾಣುತ್ತಿದ್ದವು. ಒಳಗಿನ ಮಾತು ಮಾತ್ರ ಇನ್ನು ಯಾವ ಜನ್ಮಕ್ಕೂ ಕಾಣದು.

"ಎಷ್ಟು ಹಾಳಿ ಐತಕ್ಕಾ?"

"ಮೂರು."

"ಮೂರು ಹಾಳಿ," ಎಂದಳು ಹುಡುಗಿ. "ನನ್ನ ಬಿಟ್ಟು ಹೋಗೂ ದಿನ ಕೂತು ಮೂರು ಹಾಳಿ ಬರದಾಳ. ಏನ ಬರದಿದ್ಲೋ."

ಎರಡು ವರ್ಷದ ಹಿಂದೆ ತಾನು ಕೇಳಿದ್ದನ್ನು ಅವಳು ಎತ್ತಿ ಆಡಲಿಲ್ಲ. ನೀಲಕ್ಕನಿಗೆ ಅದು ಚೆನ್ನಾಗಿ ನೆನಪಿತ್ತು. ಅಂದು ಗುಂಡಿ ಒತ್ತಿದ್ದರೆ ಡಬ್ಬಿ ಅಟ್ಟದ ಮೇಲೇ ಸಿಗುತ್ತಿತ್ತು.

ಆಶ್ರಮದಲ್ಲಿ ಪತ್ರವಿರುವ ಮಕ್ಕಳು ಇನ್ನೂ ಹನ್ನೊಂದು ಮಂದಿ ಇದ್ದಾರೆ. ಅವರ ಪತ್ರಗಳಿಗೂ ಅದೇ ಒಂದು ಕೀಲಿಕೈ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ನೀಲಕ್ಕ ಈಗ ತಿಂಗಳಿಗೊಮ್ಮೆ ತಪ್ಪದೆ ಆ ಗುಂಡಿ ಒತ್ತುತ್ತಾಳೆ. ಸಂಪರ್ಕ ಇಲ್ಲ ಎಂದೇ ಪುಟ ಹೇಳುತ್ತದೆ. ವಿಚಾರಿಸಿದವರ ಪಟ್ಟಿಯಲ್ಲಿ ಈಗ ಅವಳದೇ ಹೆಸರು ಸಾಲುಸಾಲಾಗಿ ತುಂಬಿದೆ.

ನೀತಿ: ಕೀಲಿಕೈ ಕೇಳುವುದು ಬೇರೆ, ಕೀಲಿಕೈಯ ಕ್ಷೇಮ ಕೇಳುವುದು ಬೇರೆ. ವಿಚಾರಿಸುವುದು ಅಪನಂಬಿಕೆಯಲ್ಲ. ನಮ್ಮನ್ನು ನಂಬಿ ಇನ್ನೊಬ್ಬರು ಇಟ್ಟದ್ದನ್ನು ಕಾಯುವಾಗ ಸಂಕೋಚ ಪಡಬಾರದು, ಆ ಸಂಕೋಚದ ಬೆಲೆಯನ್ನು ತೆರುವವರು ನಾವಲ್ಲ.